ಹಲಗೆ ಇತ್ತು, ನೆಲ ಇರಲಿಲ್ಲ

ಈ ಶತಮಾನದ ಮೊದಲ ದಶಕ ಮುಗಿಯುತ್ತ ಬಂದಾಗ ವಿಡಿಯೊ ಗೇಮ್ ತಯಾರಿಸುವವರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿತ್ತು. ಆಟಕ್ಕೂ ಆಡುವವರಿಗೂ ನಡುವೆ ಅಡ್ಡ ನಿಂತಿರುವುದು ಕೈಯಲ್ಲಿನ ಕಂಟ್ರೋಲರ್. ಅದರ ಗುಂಡಿಗಳನ್ನು ತೆಗೆದುಹಾಕಿ ಮೈಯನ್ನೇ ಆಟಕ್ಕೆ ಹಚ್ಚಿದರೆ ಆಟ ನಿಜಕ್ಕೆ ಹತ್ತಿರವಾಗುತ್ತದೆ ಎಂಬುದು ಆ ನಂಬಿಕೆ. ಅದಕ್ಕೆ ಆಧಾರವೂ ಇತ್ತು. 2005ರಲ್ಲಿ ಬಂದ ಗಿಟಾರ್ ಹೀರೊ ಪ್ಲಾಸ್ಟಿಕ್ ಗಿಟಾರನ್ನು ಅಮೆರಿಕದ ಹಜಾರಗಳಿಗೆ ತಂದಿತ್ತು. 2006ರ ಕೊನೆಗೆ ನಿಂಟೆಂಡೊದ ವೀ ಬಂದು, ಅದುವರೆಗೆ ಗೇಮುಗಳತ್ತ ತಿರುಗಿಯೂ ನೋಡದಿದ್ದವರು ರಿಮೋಟ್ ಬೀಸಿ ಟೆನಿಸ್ ಆಡುವಂತಾಯಿತು. ಮರುವರ್ಷ ಜಪಾನಿನಲ್ಲಿ ಬಿಡುಗಡೆಯಾದ ವೀ ಫಿಟ್ ಜೊತೆಗೆ, ಮೇಲೆ ನಿಂತವರ ತೂಕ ಯಾವ ಕಾಲಿನ ಮೇಲೆ ಬಿದ್ದಿದೆ ಎಂದು ಅಳೆಯುವ ಹಲಗೆಯೊಂದು ಬಂತು. ಈ ಸಾಲಿನಲ್ಲಿ ಸಹಜವಾಗಿ ಎಂಬಂತೆ, 2009ರ ನವೆಂಬರಿನಲ್ಲಿ ಟೋನಿ ಹಾಕ್: ರೈಡ್ ಬಂತು: ಚಕ್ರವಿಲ್ಲದ ಪ್ಲಾಸ್ಟಿಕ್ ಸ್ಕೇಟ್‌ಬೋರ್ಡಿನ ಮೇಲೆ ನಿಂತು, ವಾಲಿ, ಎತ್ತಿ, ತಿರುಗಿಸಿ ಆಡುವ ಗೇಮ್. ಅದು ಸೋತಿತು. ಆ ಕಾಲವನ್ನು ನೆನೆಯುವವರು ಈಗಲೂ ಅದನ್ನು ನಗೆಯ ಮಾತಾಗಿ ತೆಗೆಯುತ್ತಾರೆ. ಸೆನ್ಸರ್ ಕೆಟ್ಟದ್ದಿತ್ತು, ಬೆಲೆ ಜಾಸ್ತಿಯಿತ್ತು, ಅಷ್ಟೇ ಎಂದು ಮುಗಿಸುತ್ತಾರೆ. ಇಷ್ಟು ವರ್ಷಗಳ ನಂತರ ಹಿಂದಿರುಗಿ ನೋಡಿದಾಗ ನನಗೆ ಹಾಗನ್ನಿಸುವುದಿಲ್ಲ. ಆ ಹಲಗೆ ಸೋತದ್ದು ಸ್ಕೇಟ್‌ಬೋರ್ಡಿಂಗನ್ನು ಸರಿಯಾಗಿ ನಕಲು ಮಾಡಲಿಲ್ಲ ಎಂದಲ್ಲ. ನಕಲು ಮಾಡಬೇಕಾದದ್ದು ಏನು ಎಂಬುದನ್ನೇ ತಪ್ಪಾಗಿ ಆರಿಸಿಕೊಂಡಿತು ಎಂದು. ಅದು ಆಟದ ಆಕಾರವನ್ನು ತಂದಿತು, ಬಲಗಳನ್ನು ಬಿಟ್ಟುಬಂತು.

ಮೊದಲು ಆ ಸಾಧನವನ್ನೇ ನ್ಯಾಯವಾಗಿ ನೋಡೋಣ, ಏಕೆಂದರೆ ಅದು ಬೇಕಾಬಿಟ್ಟಿ ಮಾಡಿದ ವಸ್ತುವಲ್ಲ. ಆಕ್ಟಿವಿಷನ್ ಪ್ರಕಟಿಸಿದ ಈ ಗೇಮನ್ನು ತಯಾರಿಸಿದ್ದು ಶಿಕಾಗೊದ ರೋಬೊಮೋಡೊ ಎಂಬ ಹೊಸ ಸ್ಟುಡಿಯೊ. ಹಲಗೆಯೊಳಗೆ ವಾಲುವಿಕೆಯನ್ನೂ ಚಲನೆಯನ್ನೂ ಗ್ರಹಿಸುವ ಅಕ್ಸೆಲೆರೋಮೀಟರುಗಳಿದ್ದವು. ಮುಂದೆ, ಹಿಂದೆ, ಎರಡೂ ಪಕ್ಕಗಳಲ್ಲಿ ಇನ್‌ಫ್ರಾರೆಡ್ ಸೆನ್ಸರುಗಳಿದ್ದವು. ನೆಲವನ್ನು ಒದ್ದು ವೇಗ ಪಡೆಯುವಂತೆ ಪಕ್ಕದಲ್ಲಿ ಕಾಲು ಬೀಸಿದರೆ, ಬಗ್ಗಿ ಹಲಗೆಯ ಅಂಚನ್ನು ಹಿಡಿಯುವಂತೆ ಕೈ ತಂದರೆ ಅವಕ್ಕೆ ತಿಳಿಯುತ್ತಿತ್ತು. ಹಲಗೆಯ ತಳ ಬಾಗಿದ್ದರಿಂದ ಅದನ್ನು ಎಡಬಲಕ್ಕೆ ವಾಲಿಸಬಹುದಿತ್ತು, ಮೂತಿಯನ್ನು ಎತ್ತಬಹುದಿತ್ತು. ತಂತಿಯಿಲ್ಲದೆ ಎಕ್ಸ್‌ಬಾಕ್ಸ್ 360, ಪ್ಲೇಸ್ಟೇಷನ್ 3, ವೀ ಮೂರರಲ್ಲೂ ಕೆಲಸ ಮಾಡುವ ರೂಪಗಳಲ್ಲಿ ಬಂತು. ಅಮೆರಿಕದಲ್ಲಿ ಗೇಮ್ ಮತ್ತು ಹಲಗೆ ಸೇರಿ ಬೆಲೆ ಸುಮಾರು 120 ಡಾಲರ್, ಅಂದರೆ ಮಾಮೂಲಿ ಗೇಮೊಂದರ ಎರಡರಷ್ಟು. ಕಾಗದದ ಮೇಲೆ ನೋಡಿದರೆ ಸ್ಕೇಟ್‌ಬೋರ್ಡಿನ ಮೇಲೆ ಮನುಷ್ಯ ಮಾಡುವ ಬಹುತೇಕ ಎಲ್ಲಕ್ಕೂ ಇಲ್ಲಿ ಒಂದು ಸೆನ್ಸರ್ ಇತ್ತು. ವಿಮರ್ಶಕರು ಅದನ್ನು ತೀರಾ ಕಟುವಾಗಿ ಕಂಡರು. ಆ ಕಟುತನದ ನಡುವೆ ಕೇಳದೆ ಉಳಿದ ಪ್ರಶ್ನೆಯೆಂದರೆ, ಇಷ್ಟೆಲ್ಲ ಇದ್ದೂ ಸ್ಕೇಟ್‌ಬೋರ್ಡಿಂಗ್ ಅದರೊಳಗೆ ಏಕೆ ಇರಲಿಲ್ಲ ಎಂಬುದು.

ಉತ್ತರಕ್ಕಾಗಿ ಹತ್ತು ವರ್ಷ ಹಿಂದಕ್ಕೆ ಹೋಗಬೇಕು. 1999ರ ಜೂನ್ 27ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಎಕ್ಸ್ ಗೇಮ್ಸ್ ಎಂಬ ಸಾಹಸ ಕ್ರೀಡಾಕೂಟದಲ್ಲಿ ಸ್ಕೇಟ್‌ಬೋರ್ಡರ್ ಟೋನಿ ಹಾಕ್ ಗಾಳಿಯಲ್ಲಿ ಎರಡೂವರೆ ಸುತ್ತು ಸುತ್ತಿ ಇಳಿದರು. ಬಹುಕಾಲ ಬೆನ್ನಟ್ಟಿದ್ದ 900 ಡಿಗ್ರಿಯ ಆ ಸುತ್ತು ಅವರನ್ನು ಸ್ಕೇಟಿಂಗಿನ ಹೊರಗಿನವರಿಗೂ ಪರಿಚಯಿಸಿತು. ಕೆಲವೇ ತಿಂಗಳಲ್ಲಿ ನೆವರ್‌ಸಾಫ್ಟ್ ಸ್ಟುಡಿಯೊ ತಯಾರಿಸಿದ ಟೋನಿ ಹಾಕ್ಸ್ ಪ್ರೊ ಸ್ಕೇಟರ್ ಪ್ಲೇಸ್ಟೇಷನ್‌ಗೆ ಬಂತು. ಎರಡು ನಿಮಿಷದ ಒಂದು ಸುತ್ತು, ಹೆಬ್ಬೆರಳುಗಳ ಕೆಳಗೆ ಹತ್ತಾರು ಗುಂಡಿ. ಒಂದು ಗುಂಡಿ ಒತ್ತಿ ಹಿಡಿದರೆ ಮಂಡಿ ಬಗ್ಗುತ್ತದೆ, ಬಿಟ್ಟರೆ ನೆಗೆತ. 2000ದಲ್ಲಿ ಬಂದ ಎರಡನೆಯ ಭಾಗದಲ್ಲಿ ಮ್ಯಾನುಯಲ್ ಸೇರಿತು: ಎರಡು ಚಕ್ರದ ಮೇಲೆ ಸಮತೋಲನದಲ್ಲಿ ಸಾಗುತ್ತ ಒಂದು ಕರಾಮತ್ತನ್ನು ಇನ್ನೊಂದಕ್ಕೆ ಹೆಣೆಯುವ ದಾರಿ. 2001ರ ಮೂರನೆಯ ಭಾಗದಲ್ಲಿ ರಿವರ್ಟ್, ಅಂದರೆ ಇಳಿದೊಡನೆ ಹಲಗೆಯನ್ನು ತಿರುಗಿಸುವ ಚಲನೆ, ಬಂದಮೇಲೆ ರ‍್ಯಾಂಪಿನಿಂದ ಇಳಿದದ್ದನ್ನೂ ಆ ಸರಪಣಿಗೆ ಸೇರಿಸಬಹುದಾಯಿತು. ಸರಪಣಿ ಉದ್ದವಾದಷ್ಟು ಅಂಕ ಗುಣಿಸುತ್ತದೆ, ಸಮತೋಲನ ಕಾಯುವುದು ಕಷ್ಟವಾಗುತ್ತದೆ, ಬಿದ್ದರೆ ಆ ಸರಪಣಿಯಲ್ಲಿ ಗಳಿಸಿದ್ದೆಲ್ಲ ಸೊನ್ನೆ. ಇಲ್ಲಿ ಗಮನಿಸಬೇಕಾದ ಸಂಗತಿಯಿದೆ. ಯಾವ ಸ್ಕೇಟರನೂ ನಿಜಜೀವನದಲ್ಲಿ ಹಾಗೆ ನಿಮಿಷಗಟ್ಟಲೆ ಕರಾಮತ್ತು ಹೆಣೆಯಲಾರ. ನಕಲಿನ ಲೆಕ್ಕದಲ್ಲಿ ಆ ಗೇಮ್ ಶುದ್ಧ ಸುಳ್ಳು. ಆದರೆ ಇನ್ನೊಂದು ಕರಾಮತ್ತು ಸೇರಿಸಲೇ, ಇಲ್ಲೇ ಇಳಿದುಬಿಡಲೇ ಎಂಬ ಆಸೆ-ಭಯದ ಜಗ್ಗಾಟ, ಕ್ಷಣದ ಲೆಕ್ಕ, ಬೀಳುವುದರ ಬೆಲೆ, ಮತ್ತೆ ಮೊದಲಿಂದ ಶುರುಮಾಡುವ ಹಟ ಇವೆಲ್ಲ ನಿಜವಾಗಿ ಅಲ್ಲಿದ್ದವು. ಹೆಬ್ಬೆರಳು ಕಾಲಿನ ಕೆಲಸ ಮಾಡುತ್ತಿರಲಿಲ್ಲ. ಸ್ಕೇಟರನ ಮನಸ್ಸಿನ ಕೆಲಸ ಮಾಡುತ್ತಿತ್ತು.

ಇನ್ನು ನಿಜವಾದ ಹಲಗೆಯ ಕಡೆ ಬರೋಣ. ಇಂದಿನ ಬೀದಿ ಸ್ಕೇಟಿಂಗಿನ ಬಹುಪಾಲು ನಿಂತಿರುವುದು ಆಲಿ ಎಂಬ ಒಂದು ನೆಗೆತದ ಮೇಲೆ. 1970ರ ದಶಕದಲ್ಲಿ ಫ್ಲಾರಿಡಾದ ಅಲನ್ ಗೆಲ್ಫಂಡ್ ಬಟ್ಟಲಿನಂಥ ಗುಣಿಗಳ ಇಳಿಜಾರಿನಲ್ಲಿ ಕೈ ಹಚ್ಚದೆ ಹಲಗೆಯೊಡನೆ ಮೇಲೇಳುವುದನ್ನು ಕಂಡುಕೊಂಡ. 1980ರ ದಶಕದ ಮೊದಲ ವರ್ಷಗಳಲ್ಲಿ ರಾಡ್ನಿ ಮಲನ್ ಅದನ್ನು ಸಮತಟ್ಟು ನೆಲಕ್ಕೆ ತಂದ. ಹಿಂಗಾಲಿನಿಂದ ಹಲಗೆಯ ಬಾಲವನ್ನು ನೆಲಕ್ಕೆ ಬಡಿದಾಗ ನೆಲ ಅದನ್ನು ತಿರುಗಿ ಒದೆಯುತ್ತದೆ. ಹಲಗೆಯ ಮೇಲಿನ ಉಪ್ಪುಕಾಗದದಂಥ ಒರಟು ಪಟ್ಟಿಯ ಮೇಲೆ ಮುಂಗಾಲಿನ ಶೂ ಉಜ್ಜಿ ಸಾಗುವಾಗ ಆ ಘರ್ಷಣೆಯೇ ಹಲಗೆಯನ್ನು ಎಳೆದೆತ್ತಿ ಸಮ ಮಾಡುತ್ತದೆ. ಅಷ್ಟರಲ್ಲಿ ಸವಾರನ ಮೈಯೂ ಮೇಲೆದ್ದಿರಬೇಕು, ಇಲ್ಲವಾದರೆ ಅವನ ತೂಕವೇ ಹಲಗೆಯನ್ನು ಕೆಳಗೆ ಅದುಮುತ್ತದೆ. ಅಂದರೆ ಆಲಿ ಎಂಬುದು ಮೈಯ ಒಂದು ಭಂಗಿಯಲ್ಲ, ಮೈಗೂ ನೆಲಕ್ಕೂ ನಡೆಯುವ ವ್ಯವಹಾರ. ನೆಲ ಕೊಡದೆ ಇದ್ದರೆ ಕಾಲಿಗೆ ಪಡೆಯಲು ಏನೂ ಇಲ್ಲ. ಕಲಿಯುವವರು ತಿಂಗಳುಗಟ್ಟಲೆ ಅಭ್ಯಾಸ ಮಾಡುವುದು ಕಾಲಿನ ಚಲನೆಯನ್ನು ಬಾಯಿಪಾಠ ಮಾಡಲು ಅಲ್ಲ. ತಿರುಗಿ ಬರುವ ಒದೆತವನ್ನು ಹಿಡಿಯುವ ಗಳಿಗೆಯನ್ನು ಮೈಗೂಡಿಸಿಕೊಳ್ಳಲು. ರೈಡ್‌ನ ಹಲಗೆಯಲ್ಲಿ ಬಡಿದರೆ ತಿರುಗಿ ಒದೆಸಿಕೊಳ್ಳುವ ಬಾಲವಿಲ್ಲ, ಉರುಳಲು ಚಕ್ರವಿಲ್ಲ, ವೇಗವಿಲ್ಲ. ಅಲ್ಲಿ ನೆಗೆಯುವುದೂ ಇಲ್ಲ: ಮೂತಿಯನ್ನು ಚಕ್ಕನೆ ಎತ್ತಿದರೆ ಪರದೆಯಲ್ಲಿನ ಸ್ಕೇಟರ್ ನೆಗೆಯುತ್ತಾನೆ, ಆಡುವವರು ನೆಲದಲ್ಲೇ ಇರುತ್ತಾರೆ. ಕಾಲು ಕೇಳುತ್ತದೆ, ನೆಲ ಉತ್ತರ ಕೊಡುವುದಿಲ್ಲ.

ಇದರಿಂದ ಇನ್ನೂ ಎರಡು ತೊಡಕು ಹುಟ್ಟಿದವು, ಮತ್ತು ಜನ ದೂರಿದ್ದು ಬಹುಮಟ್ಟಿಗೆ ಇವನ್ನೇ. ಮೊದಲನೆಯದು ಅರ್ಥ ಹಚ್ಚುವ ತೊಡಕು. ಮೂತಿಯನ್ನು ಬೇಗ ಎತ್ತಿದರೆ ಆಲಿ, ನಿಧಾನವಾಗಿ ಎತ್ತಿ ಹಿಡಿದರೆ ಮ್ಯಾನುಯಲ್. ಎರಡೂ ಶುರುವಾಗುವುದು ಒಂದೇ ಚಲನೆಯಿಂದ. ಯಾವುದು ಎಂದು ತೀರ್ಮಾನಿಸಲು ಯಂತ್ರ ಒಂದಿಷ್ಟು ಕಾಯಲೇಬೇಕು. ಕಾದರೆ ತಡವಾಗುತ್ತದೆ, ಕಾಯದಿದ್ದರೆ ತಪ್ಪಾಗುತ್ತದೆ. ಗುಂಡಿಗೆ ಈ ಸಂಕಟವಿಲ್ಲ, ಒತ್ತಿದ್ದು ಒತ್ತಿದ್ದೇ. ನಿಜವಾದ ಹಲಗೆಗೂ ಇಲ್ಲ, ಏಕೆಂದರೆ ಅಲ್ಲಿ ಯಾರೂ ಅರ್ಥ ಹಚ್ಚುತ್ತ ಕೂತಿಲ್ಲ. ಭೌತನಿಯಮ ಆ ಕ್ಷಣದಲ್ಲೇ ತನ್ನ ಕೆಲಸ ಮಾಡಿಬಿಡುತ್ತದೆ. ರೈಡ್ ಇವೆರಡರ ನಡುವೆ ಒಬ್ಬ ದುಭಾಷಿಯನ್ನು ಕೂರಿಸಿತು, ಅವನು ಎಷ್ಟೇ ಜಾಣನಾದರೂ ಮಾತು ಮುಗಿಯುವವರೆಗೆ ಕಾಯಬೇಕಾದವನು. ಎರಡನೆಯದು ಕಣ್ಣಿನ ತೊಡಕು. ಸ್ಕೇಟರ್ ಹಲಗೆಯ ಮೇಲೆ ಅಡ್ಡವಾಗಿ ನಿಂತು ಹೋಗುವ ದಿಕ್ಕನ್ನು ನೋಡುತ್ತಾನೆ, ಸುತ್ತುವಾಗ ತಲೆ ಮೊದಲು ತಿರುಗಿ ಮೈಯನ್ನು ಎಳೆದೊಯ್ಯುತ್ತದೆ. ಟಿವಿ ಮುಂದೆ ನಿಂತವರ ಕಣ್ಣು ಮಾತ್ರ ಪರದೆಗೆ ಕಟ್ಟಿಹಾಕಿದಂತೆ. ಮೈಯನ್ನು ಪೂರ್ತಿ ತಿರುಗಿಸಿದರೆ ಬೆನ್ನು ಪರದೆಗೆ, ಆಟ ಕಾಣುವುದಿಲ್ಲ. ಹೀಗಾಗಿ ಮೈಯಿಂದ ಆಡಿ ಎಂದು ಕರೆದ ಆಟವೇ ಮೈಗೆ ಅರ್ಧ ತಿರುಗಿ ನಿಲ್ಲು ಎಂದು ಹೇಳಬೇಕಾಯಿತು. ಈ ಕಷ್ಟಗಳನ್ನು ಬಲ್ಲ ತಯಾರಕರು ಸುಲಭದ ಹಂತವೊಂದನ್ನು ಇಟ್ಟರು. ಅದರಲ್ಲಿ ಸ್ಕೇಟರ್ ತಾನಾಗಿ ನಿಗದಿತ ದಾರಿಯಲ್ಲಿ ಸಾಗುತ್ತಾನೆ, ಆಡುವವರು ಕರಾಮತ್ತು ಮಾಡಿದರೆ ಸಾಕು. ಆದರೆ ಎಲ್ಲಿಗೆ ತಿರುಗಬೇಕು, ಯಾವ ಕಂಬಿ ಹತ್ತಬೇಕು ಎಂಬುದನ್ನು ಆಡುವವರಿಗೇ ಬಿಟ್ಟದ್ದರಿಂದ ಗೆದ್ದಿದ್ದ ಸರಣಿ ಅದು. ಹಲಗೆಯನ್ನು ಉಳಿಸಿಕೊಳ್ಳಲು ಅದು ಆಟವನ್ನೇ ಬಿಟ್ಟುಕೊಟ್ಟಿತು.

ನಮ್ಮ ಯಕ್ಷಗಾನದ ರಂಗಸ್ಥಳದಲ್ಲಿ ರಥ ಎಂದು ಕರೆಯುವುದು ಒಂದು ಮರದ ಪೀಠವನ್ನು. ಅದರ ಮೇಲೆ ಕೂತವನು ಸಿಂಹಾಸನದಲ್ಲಿದ್ದಾನೆ ಎಂದರೂ ಸರಿ, ರಥದಲ್ಲಿದ್ದಾನೆ ಎಂದರೂ ಸರಿ; ವೇಗ ಇರುವುದು ಕುಣಿತದಲ್ಲಿ, ಚೆಂಡೆಯಲ್ಲಿ, ಪದದ ನಡೆಯಲ್ಲಿ. ಅಲ್ಲಿಗೆ ನಿಜವಾದ ರಥವನ್ನು ತಂದು ನಿಲ್ಲಿಸಿದರೆ ಅದು ಚಲಿಸಲಾರದು, ಚಲಿಸದ ರಥದ ಮುಂದೆ ಕುಣಿತವೂ ಸುಳ್ಳಾಗಿ ಕಾಣುತ್ತದೆ. ಒಳ್ಳೆಯ ಕಂಟ್ರೋಲರ್ ಆ ಪೀಠದ ಜಾತಿಯದು. ಇದಕ್ಕೆ ಸಾಕ್ಷಿ 2007ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ತಂದ ಸ್ಕೇಟ್ ಎಂಬ ಗೇಮ್. ಅದರಲ್ಲಿ ಬಲಗಡೆಯ ಪುಟ್ಟ ಕಡ್ಡಿಯನ್ನು ಹೆಬ್ಬೆರಳಿನಿಂದ ಕೆಳಗೆಳೆದು ಮೇಲಕ್ಕೆ ಚಿಮ್ಮಿಸಿದರೆ ಆಲಿ. ಕೊಂಚ ಓರೆಯಾಗಿ ಚಿಮ್ಮಿಸಿದರೆ ಹಲಗೆಯನ್ನು ಗಾಳಿಯಲ್ಲಿ ಉರುಳಿಸುವ ಕಿಕ್‌ಫ್ಲಿಪ್. ಕಾಲಿನ ದೊಡ್ಡ ಚಲನೆಯ ಲಯವನ್ನಷ್ಟೇ ಬಟ್ಟಿ ಇಳಿಸಿ ಒಂದು ಬೆರಳಿಗೆ ಕೊಟ್ಟ ಉಪಾಯ ಅದು. ಕಡ್ಡಿಗೆ ಒಳಗೊಂದು ಸ್ಪ್ರಿಂಗ್ ಇದೆ, ಅದು ಬೆರಳಿಗೆ ಎದುರೊತ್ತುತ್ತದೆ ಎಂಬುದನ್ನೂ ಮರೆಯಬಾರದು. ಎಷ್ಟು ಸಣ್ಣದಾದರೂ ಅದೊಂದು ನಿಜವಾದ ಬಲ. ಇನ್ನೂ ಹೆಚ್ಚಿನ ಸಾಕ್ಷಿ ಯಾವ ವಿದ್ಯುತ್ತೂ ಬೇಡದ ಫಿಂಗರ್‌ಬೋರ್ಡ್. ಸುಮಾರು ಹತ್ತು ಸೆಂಟಿಮೀಟರಿನ ಆ ಆಟಿಕೆಯ ಮೇಲೆ ಎರಡು ಬೆರಳಿಟ್ಟು ಮೇಜಿನ ಮೇಲೆ ಆಲಿ ಮಾಡುವುದು ನಿಜಕ್ಕೂ ಕಷ್ಟ, ನಿಜಕ್ಕೂ ಸಾಧ್ಯ, ಏಕೆಂದರೆ ಬಾಲ ಮೇಜಿಗೆ ಬಡಿಯುತ್ತದೆ, ಮೇಜು ತಿರುಗಿ ಒದೆಯುತ್ತದೆ. ಆಳು ನಿಲ್ಲುವಷ್ಟು ದೊಡ್ಡದಾದ ರೈಡ್‌ಗಿಂತ ಬೆರಳುದ್ದದ ಆ ಹಲಗೆ ಸ್ಕೇಟ್‌ಬೋರ್ಡಿಂಗಿಗೆ ಹತ್ತಿರ. ನಿಜಕ್ಕೆ ಹತ್ತಿರವಾಗುವುದೆಂದರೆ ಅಳತೆಯಲ್ಲೂ ರೂಪದಲ್ಲೂ ಹತ್ತಿರವಾಗುವುದಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ನನಗೆ ಕಾಣದು.

ಹಾಗಿದ್ದರೆ ಗಿಟಾರ್ ಹೀರೊ ಏಕೆ ಗೆದ್ದಿತು ಎಂದು ಕೇಳಬಹುದು. ಅದೂ ಪ್ಲಾಸ್ಟಿಕ್ ನಕಲೇ, ಅದರಲ್ಲೂ ತಂತಿಯಿರಲಿಲ್ಲ. ಆದರೂ ಅದರ ಮೂರನೆಯ ಭಾಗವೊಂದರಿಂದಲೇ ನೂರು ಕೋಟಿ ಡಾಲರಿಗೂ ಮೀರಿದ ಮಾರಾಟವಾಯಿತೆಂದು ಆಕ್ಟಿವಿಷನ್ 2009ರ ಆರಂಭದಲ್ಲಿ ಹೇಳಿಕೊಂಡಿತ್ತು. ರೈಡ್‌ಗೆ ಹಣ ಹೂಡುವ ಧೈರ್ಯ ಬಂದದ್ದೂ ಬಹುಶಃ ಆ ಗೆಲುವಿನಿಂದಲೇ. ಆಕ್ಷೇಪ ತೂಕದ್ದು, ಉತ್ತರವೂ ಅದರೊಳಗೇ ಇದೆ. ಗಿಟಾರ್ ಹೀರೊದ ಗಿಟಾರ್ ಗಿಟಾರನ್ನು ನುಡಿಸಲು ಕಲಿಸುತ್ತೇನೆ ಎನ್ನಲಿಲ್ಲ. ಅದರ ಕುತ್ತಿಗೆಯ ಮೇಲಿದ್ದದ್ದು ಐದು ಗುಂಡಿಗಳು, ಮಾಮೂಲಿ ಕಂಟ್ರೋಲರಿನ ಗುಂಡಿಗಳಂಥವೇ. ಒತ್ತಿದ್ದು ಒತ್ತಿದ್ದೇ ಎಂಬ ಖಚಿತತೆ ಅಲ್ಲಿ ಉಳಿದಿತ್ತು. ಮೇಲಾಗಿ ಸಂಗೀತದಲ್ಲಿ ಕೇಳುಗನಿಗೂ ನುಡಿಸುವವನಿಗೂ ಸಮನಾಗಿ ದಕ್ಕುವ ಒಂದು ಸಂಗತಿಯಿದೆ: ಕಾಲ. ತಾಳಕ್ಕೆ ಸರಿಯಾಗಿ ಬೆರಳು ಬಿದ್ದಾಗ ಆಗುವ ಸುಖಕ್ಕೆ ತಂತಿ ಬೇಕಿಲ್ಲ. ಹಾಡು ಕೋಣೆಯಲ್ಲಿ ನಿಜವಾಗಿಯೇ ಕೇಳುತ್ತಿದೆ. ಅಂದರೆ ಗಿಟಾರ್ ಹೀರೊ ಗಿಟಾರಿನ ಆಕಾರವನ್ನು ವೇಷವಾಗಿ ತೊಟ್ಟು, ಸಂಗೀತದ ಜೀವವಾದ ಲಯವನ್ನು ನಿಜವಾಗಿಯೇ ಕೊಟ್ಟಿತು. ಸ್ಕೇಟ್‌ಬೋರ್ಡಿಂಗಿನ ಜೀವ ತೂಕ, ಅದು ನೆಲ ಬಿಡುವ ಮತ್ತು ನೆಲಕ್ಕೆ ಮರಳುವ ಗಳಿಗೆ. ಹಜಾರದ ನೆಲಹಾಸಿನ ಮೇಲಿಟ್ಟ ಹಲಗೆ ಕೊಡಲಾರದ್ದು ಅದೊಂದನ್ನೇ.

ಎರಡನೆಯ ಆಕ್ಷೇಪ ತಂತ್ರಜ್ಞಾನದ್ದು: 2009ರ ಸೆನ್ಸರುಗಳು ಒರಟು, ಇಂದಿನವಾಗಿದ್ದರೆ ಕಥೆ ಬೇರೆಯಾಗುತ್ತಿತ್ತು. ಇದರಲ್ಲಿ ಸತ್ಯವಿಲ್ಲದಿಲ್ಲ. ತಡ ಕಡಿಮೆಯಾದರೆ, ತಪ್ಪು ಗ್ರಹಿಕೆ ಕಡಿಮೆಯಾದರೆ ಆಟ ಖಂಡಿತ ಸುಧಾರಿಸುತ್ತದೆ. ಆದರೆ ಸೆನ್ಸರ್ ಮಾಡುವುದು ಕೇಳಿಸಿಕೊಳ್ಳುವ ಕೆಲಸ, ಉತ್ತರ ಕೊಡುವ ಕೆಲಸವಲ್ಲ. ಅತಿ ಸೂಕ್ಷ್ಮವಾದ ಸೆನ್ಸರ್ ಕೂಡ ಕಾಲು ಏನು ಮಾಡಿತು ಎಂದು ಯಂತ್ರಕ್ಕೆ ತಿಳಿಸುತ್ತದೆಯೇ ಹೊರತು ನೆಲ ಏನು ಮಾಡಿತು ಎಂದು ಕಾಲಿಗೆ ತಿಳಿಸುವುದಿಲ್ಲ. ಇದನ್ನು ಪರೀಕ್ಷಿಸುವ ಅವಕಾಶವೂ ಒದಗಿಬಂತು. 2010ರ ಅಕ್ಟೋಬರಿನಲ್ಲಿ ಅದೇ ಬಗೆಯ ಹಲಗೆಯೊಡನೆ, ಹಿಮದ ಮೇಲಿನ ಸ್ನೋಬೋರ್ಡಿಂಗನ್ನೂ ಸೇರಿಸಿಕೊಂಡು ಟೋನಿ ಹಾಕ್: ಶ್ರೆಡ್ ಬಂತು. ಅಮೆರಿಕದಲ್ಲಿ ಅದರ ಆರಂಭದ ಮಾರಾಟ ಮೂರು ಸಾವಿರದ ಆಸುಪಾಸಿನಲ್ಲಿತ್ತು ಎಂದು ಆಗ ವರದಿಯಾಯಿತು. ಜನ ಮೊದಲ ಸಲವೇ ತೀರ್ಪು ಕೊಟ್ಟಾಗಿತ್ತು, ಆ ತೀರ್ಪು ಸೆನ್ಸರಿನ ಗುಣಮಟ್ಟದ ಮೇಲಷ್ಟೇ ಇದ್ದಿದ್ದರೆ ಎರಡನೆಯದನ್ನು ಪರೀಕ್ಷಿಸಲಾದರೂ ಕೆಲವರು ಮುಂದೆ ಬರುತ್ತಿದ್ದರು.

ಬೆಲೆಯ ಮಾತನ್ನು ಬೇಗ ಮುಗಿಸಬಹುದು. ಆರ್ಥಿಕ ಹಿಂಜರಿತದ ಹೊತ್ತಿನಲ್ಲಿ 120 ಡಾಲರ್ ಹಗುರವಲ್ಲ. ಪ್ಲಾಸ್ಟಿಕ್ ಗಿಟಾರು, ಡ್ರಮ್ಮುಗಳಿಂದ ಮೂಲೆಗಳೆಲ್ಲ ತುಂಬಿದ್ದವು. 2011ರ ಫೆಬ್ರವರಿಯಲ್ಲಿ ಆಕ್ಟಿವಿಷನ್ ಗಿಟಾರ್ ಹೀರೊ ವಿಭಾಗವನ್ನೇ ಮುಚ್ಚಿತು. ಇದೆಲ್ಲ ಹಲಗೆ ಏಕೆ ಕಡಿಮೆ ಮಾರಾಟವಾಯಿತು ಎಂಬುದನ್ನು ವಿವರಿಸುತ್ತದೆ. ಕೊಂಡವರೂ ಅದನ್ನು ಏಕೆ ಪ್ರೀತಿಸಲಿಲ್ಲ ಎಂಬುದನ್ನು ವಿವರಿಸುವುದಿಲ್ಲ. ದುಬಾರಿಯಾದರೂ ಜನ ಜೋಪಾನವಾಗಿ ಇಟ್ಟುಕೊಂಡ, ಹಳೆಯದಾದಮೇಲೂ ಹುಡುಕಿ ಕೊಳ್ಳುವ ಗೇಮ್ ಸಾಧನಗಳು ಬೇಕಾದಷ್ಟಿವೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಎರಡು ಗೆದ್ದ ಹಲಗೆಗಳದ್ದು. 1997ರಲ್ಲೇ ಸೆಗಾ ಕಂಪನಿ ಟಾಪ್ ಸ್ಕೇಟರ್ ಎಂಬ ಆರ್ಕೇಡ್ ಯಂತ್ರವನ್ನು ತಂದಿತ್ತು. ಅದರ ಹಲಗೆಯ ಮೇಲೆ ಕಾಲಿಟ್ಟು ಆಡಲು ಜನ ಸಂತೋಷದಿಂದ ನಾಣ್ಯ ಹಾಕಿದರು. ವೀ ಫಿಟ್ ಜೊತೆಗೆ ಬಂದ ನಿಂಟೆಂಡೊದ ಬ್ಯಾಲೆನ್ಸ್ ಬೋರ್ಡ್ ಅಂತೂ ಕೋಟಿಗಟ್ಟಲೆ ಮನೆ ಸೇರಿತು. ಹಲಗೆಯೇ ತಪ್ಪಾಗಿದ್ದರೆ ಇವು ಹೇಗೆ ನಿಂತವು? ಎರಡನ್ನೂ ಹತ್ತಿರದಿಂದ ನೋಡಿದರೆ ನನ್ನ ವಾದವೇ ಬಲಗೊಳ್ಳುತ್ತದೆ. ಟಾಪ್ ಸ್ಕೇಟರ್‌ನ ಹಲಗೆ ಯಂತ್ರಕ್ಕೇ ಕೂಡಿಸಿದ್ದು, ಹಿಡಿದುಕೊಳ್ಳಲು ಕಂಬಿಯಿತ್ತು. ಕೆಲವೇ ನಿಮಿಷದ ಇಳಿಜಾರಿನ ಓಟ. ವಾಲಿದರೆ ತಿರುಗುತ್ತದೆ, ಸರಿಯಾದ ಜಾಗದಲ್ಲಿ ಬಾಲ ತುಳಿದರೆ ನೆಗೆತ. ಕಂಬಿಯನ್ನು ಹಿಡಿದವರು ಮೈಭಾರವನ್ನೆಲ್ಲ ಹಾಕಿ ವಾಲಬಹುದಿತ್ತು, ಬೋಲ್ಟ್ ಹಾಕಿದ ಹಲಗೆ ಆ ಭಾರಕ್ಕೆ ಎದುರೊತ್ತುತ್ತಿತ್ತು. ಅದು ಕೊಡುತ್ತೇನೆ ಎಂದದ್ದು ಕಡಿಮೆ, ಹೇಳಿದ್ದನ್ನು ಪೂರ್ತಿ ಕೊಟ್ಟಿತು. ಬ್ಯಾಲೆನ್ಸ್ ಬೋರ್ಡ್ ಇನ್ನೂ ವಿನಯದ ವಸ್ತು. ನಾಲ್ಕು ಮೂಲೆಯಲ್ಲಿ ತೂಕದ ಸೆನ್ಸರುಗಳು. ನಿಂತವರ ಭಾರ ಎಲ್ಲಿದೆ ಎಂಬುದಷ್ಟೇ ಅದರ ಪ್ರಶ್ನೆ. ಯೋಗದ ಭಂಗಿಯಲ್ಲಿ ಒಂಟಿಕಾಲಲ್ಲಿ ನಿಂತವರಿಗೆ ಬೇಕಾದ ಬಲಗಳೆಲ್ಲ, ಅಂದರೆ ತಮ್ಮ ತೂಕ, ಕೆಳಗಿನ ನೆಲ, ನಡುಗುವ ಕಾಲು, ಆ ಕೋಣೆಯಲ್ಲೇ ಇದ್ದವು. ಎರಡೂ ಹಲಗೆಗಳು ಕೋಣೆಯಲ್ಲಿ ನಿಜವಾಗಿ ಇದ್ದ ಬಲಗಳ ಮೇಲೆ ಆಟ ಕಟ್ಟಿದವು. ರೈಡ್ ಇಲ್ಲದ ಬಲಗಳ ಮೇಲೆ ಕಟ್ಟಿತು.

ಕೊನೆಯ ಆಕ್ಷೇಪವನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಹೆಬ್ಬೆರಳಿನ ಭಾಷೆ ಅದನ್ನು ಬಲ್ಲವರಿಗೆ ಸುಂದರ. ಬಾರದವರಿಗೆ ಮುಚ್ಚಿದ ಬಾಗಿಲು. 1999ರಿಂದ ಆಡುತ್ತ ಬಂದವರಿಗೆ ಹತ್ತಾರು ಗುಂಡಿಗಳ ಜೋಡಣೆ ಮೈಗತವಾಗಿತ್ತು. 2009ರಲ್ಲಿ ಹೊಸದಾಗಿ ಕಂಟ್ರೋಲರ್ ಹಿಡಿದ ನಡುವಯಸ್ಸಿನವರಿಗೆ, ಸಣ್ಣ ಮಕ್ಕಳಿಗೆ ಅದು ಅಡ್ಡಿಯೇ. ಹಲಗೆಯ ಮೇಲೆ ನಿಂತು ವಾಲಿ ಎಂದರೆ ಯಾರಿಗೂ ವಿವರಣೆ ಬೇಡ. ಎಲ್ಲರನ್ನೂ ಆಟಕ್ಕೆ ಕರೆಯಬೇಕೆಂಬ ಆಸೆಯಲ್ಲಿ ತಪ್ಪೇನಿದೆ? ಏನೂ ಇಲ್ಲ. ಒಂದೇ ಬಗೆಯ ಗೇಮನ್ನು ವರ್ಷವರ್ಷ ಹೊರತರುವುದರಿಂದ ದಣಿದಿದ್ದ ಸರಣಿಯೊಂದು ಹೊಸ ದಾರಿ ಹುಡುಕಿದ್ದೂ ತಪ್ಪಲ್ಲ. ಸೋಲುವ ಧೈರ್ಯ ಇಲ್ಲದ ಉದ್ಯಮದಲ್ಲಿ ಹೊಸದೇನೂ ಹುಟ್ಟುವುದಿಲ್ಲ. ಆದರೆ ಒಳಗೆ ಕರೆಯುವುದು ಸುಲಭವಾದಷ್ಟಕ್ಕೆ ಒಳಗೆ ಉಳಿಯುವಂತೆ ಆಗುವುದಿಲ್ಲ. ಮೊದಲ ಐದು ನಿಮಿಷ ಹಲಗೆ ಕಂಟ್ರೋಲರಿಗಿಂತ ಸುಲಭ. ಆರನೆಯ ನಿಮಿಷದಿಂದ ಸುಧಾರಿಸಿಕೊಳ್ಳಲು ದಾರಿ ಕಾಣಬೇಕು. ನಾನು ಮಾಡಿದ್ದು ಯಾಕೆ ತಪ್ಪಾಯಿತು ಎಂದು ಮೈಗೆ ತಿಳಿಯಬೇಕು. ಗುಂಡಿ ತಡವಾಗಿ ಒತ್ತಿದವರಿಗೆ ತಡವಾಯಿತೆಂದು ಗೊತ್ತಾಗುತ್ತದೆ, ಬೀದಿಯಲ್ಲಿ ಬಿದ್ದವರಿಗೆ ಮಂಡಿ ಹೇಳುತ್ತದೆ. ಹಲಗೆ ತಪ್ಪಾಗಿ ಗ್ರಹಿಸಿದಾಗ ತಪ್ಪು ತನ್ನದೋ ಯಂತ್ರದ್ದೋ ಎಂದು ಆಡುವವರಿಗೆ ತಿಳಿಯುವುದೇ ಇಲ್ಲ. ಕಲಿಕೆ ನಿಲ್ಲುವುದು ಅಲ್ಲಿ. ಹೊಸಬರಿಗಾಗಿ ಮಾಡಿದ ಸಾಧನ ಹೊಸಬರನ್ನು ಹೊಸಬರಾಗಿಯೇ ಉಳಿಸಿತು.

ಮುಂದಿನ ಇತಿಹಾಸ ಈ ಮಾತಿಗೆ ಪೂರಕವಾಗಿದೆ. 2020ರ ಸೆಪ್ಟೆಂಬರಿನಲ್ಲಿ ಮೊದಲ ಎರಡು ಭಾಗಗಳನ್ನು ಹೊಸ ಚಿತ್ರಗಳೊಡನೆ, ಹಳೆಯ ಗುಂಡಿಗಳೊಡನೆ ಮರುನಿರ್ಮಿಸಿ ಬಿಡುಗಡೆ ಮಾಡಿದಾಗ ಎರಡು ವಾರಗಳೊಳಗೆ ಹತ್ತು ಲಕ್ಷ ಪ್ರತಿ ಮಾರಾಟವಾದವು. ಹಳೆಯ ಆಟದ ಹಂಬಲ ಅದರಲ್ಲಿ ಒಂದು ಪಾಲು, ನಿಜ. ಆದರೆ ಹಂಬಲಿಸಲು ಜನ ಆರಿಸಿಕೊಂಡದ್ದು ಹೆಬ್ಬೆರಳಿನ ಆಟವನ್ನು, ಕಾಲಿನ ಆಟವನ್ನಲ್ಲ. ಈಗ ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ ಸಾಧನಗಳು ಅದೇ ಹಳೆಯ ಭರವಸೆಯನ್ನು ಇನ್ನೂ ಗಟ್ಟಿದನಿಯಲ್ಲಿ ನೀಡುತ್ತಿವೆ: ಮೈಯನ್ನೇ ಆಟಕ್ಕಿಳಿಸಿ, ನಡುವೆ ಏನೂ ಇಲ್ಲ. ಅವುಗಳಲ್ಲಿ ನಿಂತದ್ದನ್ನೂ ಬಿದ್ದದ್ದನ್ನೂ ಅಳೆಯಲು ರೈಡ್ ಬಿಟ್ಟುಹೋದ ಅಳತೆಗೋಲು ಸಾಕು. ಬಡಿಯುವ ತಾಳಕ್ಕೆ ಕೈಬೀಸುವ ಆಟಗಳು ಅಲ್ಲಿ ಗೆದ್ದಿವೆ, ಏಕೆಂದರೆ ಗಾಳಿಯಲ್ಲಿ ಬೀಸುವ ಕೈಯ ತೂಕವೂ ಹಾಡಿನ ಕಾಲವೂ ನಿಜ. ಹತ್ತುವ, ತಳ್ಳುವ, ಎತ್ತುವ ಆಟಗಳಿಗೆ ಇನ್ನೂ ಕಷ್ಟವಿದೆ, ಏಕೆಂದರೆ ಅಲ್ಲಿನ ಗೋಡೆ ಕೈಗೆ ಎದುರೊತ್ತುವುದಿಲ್ಲ. ಆದ್ದರಿಂದ ಇಂಥ ಸಾಧನವೊಂದು ಎದುರಿಗೆ ಬಂದಾಗ ಅದು ನಮ್ಮ ಚಲನೆಯನ್ನು ಎಷ್ಟು ಚೆನ್ನಾಗಿ ಗ್ರಹಿಸುತ್ತದೆ ಎಂದು ಕೇಳುವುದಕ್ಕಿಂತ, ಆ ಚಲನೆಗೆ ಪ್ರತಿಯಾಗಿ ಮೈಗೆ ಏನನ್ನು ತಿರುಗಿ ಕೊಡುತ್ತದೆ ಎಂದು ಕೇಳುವುದು ಮೇಲು. ರೈಡ್ ಮೊದಲ ಪ್ರಶ್ನೆಗೆ ತನ್ನ ಶಕ್ತಿಯನ್ನೆಲ್ಲ ಸುರಿದಿತ್ತು. ಎರಡನೆಯದನ್ನು ಅದರ ತಯಾರಕರು ಮೊದಲೇ ಕೇಳಿಕೊಂಡಿದ್ದರೆ, ಹಲಗೆಯನ್ನು ಸುಧಾರಿಸುವ ಬದಲು ಬೇರೆ ಯಾವ ಆಟಕ್ಕೆ ಆ ಹಲಗೆ ತಕ್ಕದ್ದು ಎಂದು ಹುಡುಕುತ್ತಿದ್ದರು.